ಕೆಂಪು ಚುಕ್ಕಿ ಬೆಳಗಿದ ಸಂಜೆ

ನಲವತ್ತರ ದಶಕದ ನಡುವಿನ ಒಂದು ಕಾರ್ತಿಕ ಮಾಸ. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ ನೇಕಾರರ ಬೀದಿಯಲ್ಲಿತ್ತು. ಅಪ್ಪ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ದಂಡಿನ ಹರಾಜಿನಲ್ಲಿ ಕೊಂಡ ಹಿತ್ತಾಳೆಯ ದೂರದರ್ಶಕ ನಮ್ಮ ತಾರಸಿಯ ಮೇಲಿತ್ತು. ಬರಿಗಣ್ಣಿಗೆ ಕಾಣದ ಒಂದು ಕೆಂಪು ನಕ್ಷತ್ರವನ್ನು ಅಪ್ಪ ಅದರಲ್ಲಿ ನೋಡುತ್ತಿದ್ದರು. ಸೂರ್ಯನಿಗಿಂತ ಎಷ್ಟೋ ಚಿಕ್ಕದು, ತಣ್ಣಗಿನದು, ಕುಬ್ಜ ನಕ್ಷತ್ರ ಎನ್ನುತ್ತಿದ್ದರು. ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಅವರು ಅಮ್ಮ ಮತ್ತು ಮಗಳಾದ ನನ್ನ ಜೊತೆ ಕೂತದ್ದಕ್ಕಿಂತ ಅದರ ಜೊತೆ ಕೂತದ್ದೇ ಹೆಚ್ಚು.

ಆ ವರ್ಷ ಅವರಿಗೆ ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತ್ತು. ಕಣ್ಣಿನ ನರ ಸೊರಗುತ್ತಿದೆ, ಇಲ್ಲದ ಬೆಳಕೂ ಕಾಣಬಹುದು ಎಂದು ಬೆಂಗಳೂರಿನ ವೈದ್ಯರು ಹೇಳಿ ಕಳಿಸಿದ್ದರು.

ಆ ಸಂಜೆ ನಾನೂ ಅಮ್ಮನೂ ಹಿತ್ತಲಿನಲ್ಲಿದ್ದೆವು. ಕಾರ್ತಿಕದಲ್ಲಿ ತೀರಿಹೋದವರಿಗೆ ದಾರಿ ಕಾಣಲೆಂದು ಎತ್ತರದ ಬಿದಿರಿನ ಗಳುವಿಗೆ ಆಕಾಶದೀಪ ಏರಿಸುತ್ತಾರೆ. ಅಮ್ಮ ಅದನ್ನು ಅಣ್ಣನ ಹೆಸರಿನಲ್ಲಿ ಏರಿಸುತ್ತಿದ್ದಳು. ಆ ಬೆಳಕು ನೋಟಕ್ಕೆ ಅಡ್ಡಿ ಎಂದು ಅಪ್ಪ ಒಮ್ಮೆಯೂ ಹೇಳಿರಲಿಲ್ಲ. ಅಮ್ಮ ಹಗ್ಗ ಎಳೆಯುತ್ತಿದ್ದಳು, ನಾನು ಗಳು ವಾಲದಂತೆ ಹಿಡಿದಿದ್ದೆ. ದೀಪ ಅರ್ಧ ಏರಿತ್ತು.

ಅಪ್ಪ ಮೇಲಿನಿಂದ ಕೂಗಿದರು. "ಯಾರಾದ್ರೂ ಒಬ್ರು ಬನ್ರೇ ಬೇಗ. ನನ್ ಕಣ್ಣೊಂದೇ ಸಾಲ್ದು."

"ಇರಿ, ಬಂದ್ವಿ. ಮಗೂ ದೀಪ ಅರ್ಧಕ್ಕೆ ನಿಲ್ಲಿಸ್ಬಾರ್ದು," ಎಂದಳು ಅಮ್ಮ.

ಹಗ್ಗ ಕಟ್ಟಿ ನಾವು ಮೇಲೆ ಹೋದಾಗ ಅಪ್ಪ ದೂರದರ್ಶಕ ಬಿಟ್ಟು ಪಕ್ಕಕ್ಕೆ ಸರಿದರು. ನಾನು ನೋಡಿದೆ. ಮಂಕಾದ ಕೆಂಪು ಚುಕ್ಕಿ, ಎಂದಿನಂತೆಯೇ. ನಾವು ಬರುವ ಮೊದಲು ಅದು ಇದ್ದಕ್ಕಿದ್ದಂತೆ ಹತ್ತಿಕೊಂಡು ಬೆಳ್ಳಗಾಯಿತು, ಆಮೇಲೆ ಮೆಲ್ಲಗೆ ಇಳಿಯಿತು ಎಂದರು ಅಪ್ಪ. ಪಕ್ಕದ ಮನೆಯ ನೇಕಾರರು ತಮ್ಮ ತಾರಸಿಯಿಂದ, "ಮೇಷ್ಟ್ರೇ, ನಿಮ್ ಕಣ್ಣಲ್ಲೇ ಯಾರೋ ಮತಾಪು ಹಚ್ಚವ್ರೆ," ಎಂದರು. ಅಪ್ಪನೂ ನಕ್ಕರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಏನನ್ನೂ ಕಂಡಿರಲಿಲ್ಲ, ಕಂಡೆ ಎನ್ನಲಾಗಲಿಲ್ಲ.

ಮರುವಾರ ದೂರದರ್ಶಕ ಶಾಲೆಯ ಬೀರು ಸೇರಿತು. ಸುಳ್ಳು ತೋರಿಸುವ ಕಣ್ಣಿನಿಂದ ಆಕಾಶ ನೋಡಬಾರದು ಎಂದಷ್ಟೇ ಅಪ್ಪ ಹೇಳಿದರು. ಅದಾದ ಮೇಲೂ ಎರಡು ವರ್ಷ ಅವರು ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ತಲೆ ಎತ್ತಿ ಮಾತ್ರ ನೋಡಲಿಲ್ಲ.

ದಶಕದ ಕೊನೆಗೆ ನಾನು ಬೆಂಗಳೂರಿನಲ್ಲಿ ಕಾಲೇಜಿಗೆ ಸೇರಿದ್ದೆ. ಹೊರದೇಶದ ಖಗೋಳಜ್ಞರು ಇಂಥ ಕೆಂಪು ಕುಬ್ಜ ನಕ್ಷತ್ರಗಳು ಕೆಲವೇ ನಿಮಿಷ ಹಲವು ಪಟ್ಟು ಭುಗಿಲೆದ್ದು ಮತ್ತೆ ಮಂಕಾಗುವುದನ್ನು ಕಂಡಿದ್ದಾರೆಂದು ಅಲ್ಲಿನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಓದಿದೆ. ಶನಿವಾರದ ಬಸ್ಸು ಹಿಡಿದು ಊರಿಗೆ ಬಂದೆ. ಸಂತೋಷದ ಸುದ್ದಿ ತಂದಿದ್ದೇನೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಅಪ್ಪನಿಗೆ ಪೂರ್ತಿ ಕತ್ತಲಾಗಿತ್ತು. ತಟ್ಟೆಯ ಅಂಚು ತಡವಿ ಊಟ ಮಾಡುತ್ತಿದ್ದರು. ನಾನು ಹೇಳಿದ್ದನ್ನು ತುತ್ತು ನಿಲ್ಲಿಸಿ ಕೇಳಿದರು. ಆ ಬೆಳಕು ಬೇಗ ಏರಿ ನಿಧಾನ ಇಳಿಯುತ್ತದೆಯೇ ಎಂದು ವಿಚಾರಿಸಿದರು. ಹೌದೆಂದೆ.

"ಹಂಗಾದ್ರೆ ಆವಾಗ ಕಣ್ಣು ಚೆನ್ನಾಗೇ ಇತ್ತು," ಎಂದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಇನ್ನೂ ಎರಡು ವರ್ಷ ನೋಡ್ಬೋದಿತ್ತು ಕಣಮ್ಮ," ಎಂದರು.

ಅಮ್ಮ ಸಾರು ಬಡಿಸಲು ಬಗ್ಗಿದವಳು ಹಾಗೆಯೇ ನಿಂತಳು. ಅಪ್ಪ ಕೈ ತೊಳೆಯಲು ನೀರು ಕೇಳಿದರು.