ವನಮಾಲಾ ಟೀಚರ್ ಹಾಕಿದ ಸೊನ್ನೆ

ಮುಂಬಯಿ ಪಕ್ಕದ ಕೋಪರಿಯ ನಮ್ಮ ಕನ್ನಡ ಶಾಲೆಯಲ್ಲಿ ವನಮಾಲಾ ಟೀಚರ್ ತಮ್ಮ ಸಿಟ್ಟಿಗೆ ರಜೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಕುಂದಾಪುರದ ಕಡೆಯವರು, ಪರಿಸರ ಪಾಠ ಮಾಡುತ್ತಿದ್ದರು. ಇಂಟರ್ನೆಟ್ ಬಂದ ಮೇಲೆ ಮಕ್ಕಳ ಪ್ರಾಜೆಕ್ಟುಗಳು ದಪ್ಪವಾದವು. ಆದರೆ ಅವನ್ನು ಯಾರೂ ಓದುತ್ತಿರಲಿಲ್ಲ, ತಂದುಕೊಟ್ಟ ಮಕ್ಕಳು ಕೂಡ. ಸೈಬರ್ ಕೆಫೆಯವನಿಗೆ ವಿಷಯ ಹೇಳಿದರೆ ಸಾಕು, ಬಣ್ಣದ ಪ್ರಿಂಟು, ಸ್ಪೈರಲ್ ಬೈಂಡಿಂಗು, ಮೇಲೆ ಮಗುವಿನ ಹೆಸರು. ಬರೀ ಸರ್ಚ್ ಮಾಡಿದರಾಗದು, ಮುಂದೊಂದು 'ರೀ' ಸೇರಿಸಿ ರೀಸರ್ಚ್ ಮಾಡಿ, 'ಯಾರ್ರೀ ನೀವು, ಯಾಕ್ರೀ ಹೀಗೆ ಬರೆದಿರಿ' ಎಂದು ಆ ಪುಟವನ್ನೇ ಕೇಳಿ ಎಂದು ಟೀಚರ್ ಗಂಟಲು ಹರಿದುಕೊಂಡಿದ್ದರು.

೨೦೧೦ರಲ್ಲಿ ಒಂಬತ್ತನೆಯ ತರಗತಿಗೆ ಕೊಟ್ಟ ವಿಷಯ 'ನಾವಿರುವಲ್ಲಿನ ನೀರು'. ಹತ್ತಿರದ ದಿವಾ ಊರಿನಿಂದ ಬರುವ ಪ್ರೇಕ್ಷಾ ತಂದ ಪ್ರಾಜೆಕ್ಟಿನಲ್ಲಿ, ದಿವಾದ ನಳ್ಳಿಗಳಲ್ಲಿ ಹಗಲು ರಾತ್ರಿ ಶುದ್ಧ ನೀರು ಹರಿಯುತ್ತಿತ್ತು. ಅದೇ ಬೆಳಿಗ್ಗೆ ಹುಡುಗಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತು, ತಡವಾಗಿ ಶಾಲೆಗೆ ಬಂದಿದ್ದಳು. ಅವಳು ಇಂಟರ್ನೆಟ್ಟಿನಿಂದ ಇಳಿಸಿ ತಂದ ಪುಟ ಫ್ಲಾಟ್ ಮಾರುವ ಬಿಲ್ಡರನೊಬ್ಬನ ಜಾಹೀರಾತು. ಟೀಚರ್ ಸೊನ್ನೆ ಹಾಕಿದರು. ಸೊನ್ನೆ ಉಳಿದರೆ ಹುಡುಗಿ ಆ ವಿಷಯದಲ್ಲಿ ಫೇಲ್.

ರಬಾಳೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅವಳಪ್ಪ ದೇಜಪ್ಪ ರಜೆ ಹಾಕಿ ಬಂದ.

"ಕಂಪ್ಯೂಟರಿನಲ್ಲೇ ಉಂಟಲ್ಲ ಟೀಚರ್, ಅದು ಹೇಗೆ ತಪ್ಪಾಗ್ತದೆ?"

"ನಿಮ್ಮ ನಳ್ಳಿಯಲ್ಲಿ ಉಂಟಾ ದೇಜಪ್ಪಣ್ಣ?"

ಹೆಡ್ಮಾಸ್ತರ್ ಸರ್ವೋತ್ತಮರು ನಡುವೆ ಬಂದರು. ಮರುವಾರ ಶಿಕ್ಷಣ ಇಲಾಖೆಯವರ ತಪಾಸಣೆಯಿತ್ತು, ಅವರಿಗೆ ಗೋಡೆಗೆ ಹಾಕಲು ಇಷ್ಟು ಚಂದದ ಪ್ರಾಜೆಕ್ಟು ಬೇರೆ ಇರಲಿಲ್ಲ. ಪಾಸು ಮಾಡಿ ಮುಗಿಸಿ, ಬರುವವರು ಯಾರೂ ಒಳಗೆ ಓದುವುದಿಲ್ಲ ಎಂದರು.

"ದಿವಾದಲ್ಲಿ ನೀರುಂಟು ಅಂತ ನಾವೇ ಗೋಡೆಗೆ ಹಾಕಿದ್ರೆ, ನಾಳೆ ಇವರಿಗೆ ಆ ಟ್ಯಾಂಕರಾದ್ರೂ ಯಾಕೆ ಬರ್ಬೇಕು ಸರ್?"

"ಟೀಚರ್, ಮೈ ಫಿರ್ ಸೆ ಲಿಖೂಂಗಿ," ಎಂದು ಅಪ್ಪನ ಪಕ್ಕ ನಿಂತಿದ್ದ ಪ್ರೇಕ್ಷಾ ಮತ್ತೆ ಬರೆಯಲು ತಾನೇ ಮುಂದಾದಳು.

ಟೀಚರ್ ಅವಳನ್ನು ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂರಿಸಿ ಅದೇ ಪುಟ ತೆರೆಸಿದರು. ಬರೆದವನು ಯಾರು, ನೀನು ನಂಬಿದರೆ ಅವನಿಗೇನು ಲಾಭ ಎಂದು ಕೇಳಿದರು. ಹುಡುಗಿ ಪುಟದ ಬುಡದ ಬುಕಿಂಗ್ ನಂಬರಿಗೆ ಬೆರಳಿಟ್ಟಳು. ಆಮೇಲೆ ಟೀಚರ್ ಜೊತೆ ನಗರಪಾಲಿಕೆಯ ಪುಟ ಹುಡುಕಿದಳು, ಟ್ಯಾಂಕರ್ ಸಾಲಿನ ಹೆಂಗಸರನ್ನು ಕೇಳಿದಳು. ಯಾವ ಮಾತು ಯಾರದೆಂದು ಪ್ರತಿ ಸಾಲಿನ ಕೆಳಗೂ ಬರೆದಳು. ಟೀಚರ್ ಸೊನ್ನೆ ಹೊಡೆದುಹಾಕಿ ಪಾಸು ಮಾಡಿದರು.

ಕೈಬರಹ ಗೋಡೆಗೆ ಶೋಭಿಸದು ಎಂದರು ಸರ್ವೋತ್ತಮರು. ಟೀಚರ್ ಅದನ್ನು ಅವರ ಕೋಣೆಯ ಹೊರಗಿನ ವಾಟರ್ ಕೂಲರ್ ಮೇಲೆ ಅಂಟಿಸಿದರು.

ತಪಾಸಣೆಯ ದಿನ ಸೆಕೆ ವಿಪರೀತ. ಬಂದವರಿಗೆಲ್ಲ ಬಾಯಾರಿಕೆಯಾಯಿತು.