ಮಾವನ ಪಡಸಾಲೆಗೆ ಕೊಟ್ಟ ಹಡಗು

ನನ್ನ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ಹೋದ ತೆಂಗಿನಕಾಯಿಯನ್ನು ಹಾಗೆಯೇ ವಾಪಸು ತಂದಳು. ತನ್ನ ತಮ್ಮನ ಮಗಳನ್ನು ನನಗೆ ಕೇಳಲು ಕೌತಾಳಕ್ಕೆ ಹೋಗಿದ್ದಳು. ಸೋದರಮಾವನ ಮಗಳ ಮೇಲೆ ಅಳಿಯನ ಹಕ್ಕು ಮೊದಲನೆಯದು ಎಂಬುದು ನಮ್ಮ ಕಡೆ ಯಾರೂ ಎತ್ತಿ ಆಡಬೇಕಾದ ಮಾತಲ್ಲ. ಕಾಯಿ ಒಡೆದು ಮಾತು ಮುಗಿಸುವುದಷ್ಟೇ ಬಾಕಿ ಎಂದು ನಾವು ನಂಬಿಕೊಂಡಿದ್ದೆವು. ಮಾವ ತನ್ನ ಪಡಸಾಲೆಯಲ್ಲಿ ನಾಲ್ಕು ಜನರ ಎದುರಿಗೆ, "ಅಕ್ಕಾ, ನಿನ್ನ ಮಗ ಬಂಡಿ ಗಾಲಿ ಬಿಟ್ಟು ಏನ ಮಾಡ್ಯಾನ? ನಂದು ಮುಂಬೈದಾಗ ಹಡಗ ಕಟ್ಟಿದ ಕೈ. ಗಾಲಿ ಬಡಿಯೋನ ಮನಿಗೆ ಮಗಳನ್ನ ಹ್ಯಾಂಗ ಕೊಡ್ಲಿ?" ಎಂದನಂತೆ. ತಾಯಿ ಅದೇ ಕಾಯಿ ಒಡೆದು ಚಟ್ನಿ ಅರೆದಳು. ನಾನು ಅದನ್ನು ಮುಟ್ಟಲಿಲ್ಲ.

ನಮ್ಮ ಆದೋನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಕರ್ನೂಲಿಗೆ ಸೇರಿದ ಮರುವರ್ಷ ಅದು. ಅರಳೆ ಪೇಟೆಯ ಹಿಂದಿನ ಓಣಿಯಲ್ಲಿ ನನ್ನ ಬಂಡಿ ಕೆಲಸದ ಕೊಟ್ಟಿಗೆ. ಗಾಲಿ ಮಾಡುವುದು ನನಗೆ ಎಂದೂ ನಾಚಿಕೆಯ ವಿಷಯವಾಗಿರಲಿಲ್ಲ. ಆದರೆ ಅಂದಿನಿಂದ ಉಳಿ ಹಿಡಿದಾಗಲೆಲ್ಲ ಮಾವನ ಮಾತೇ ಕಿವಿಗೆ ಬಡಿಯುತ್ತಿತ್ತು. ಹುಡುಗಿಗಾಗಿ ನಾನು ಕೊರಗಿದ್ದು ಕಡಿಮೆ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ತಾಯಿ ತಲೆ ತಗ್ಗಿಸಿ ಬಸ್ಸಿನಿಂದ ಇಳಿದದ್ದು ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಗೆ ಹೋಗಿ ಕೆಂಪು ರುಮಾಲು, ದಪ್ಪ ಮೀಸೆ ಹೊತ್ತು ಬಂದಿದ್ದ ಮಾವ. ಇಂಗ್ಲಿಷರು ಹಿಂದಿನ ಕಾಲದಲ್ಲಿ ತೇಗದ ಯುದ್ಧನೌಕೆ ಕಟ್ಟಿಸಿದ ಗೋದಿಯಲ್ಲೇ, ಆ ಹಡಗುಕಟ್ಟೆಯಲ್ಲೇ, ತಾನೂ ದುಡಿದೆ ಎಂದು ಕಂಡಕಂಡವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಅಂಥದೊಂದು ಹಡಗಿನ ಚಿತ್ರ ಪೇಟೆಯ ಸಾಹುಕಾರನೊಬ್ಬನ ಅಂಗಡಿಯಲ್ಲಿ ಅವನು ಕೂರುವ ಗದ್ದಿಯ ಹಿಂದೆ ತೂಗುತ್ತಿತ್ತು. ಮೇಲಿನ ಅಂಚನ್ನು ಗೆದ್ದಲು ತಿಂದು ಹಾಯಿಕಂಬಗಳ ತುದಿ ಹೋಗಿತ್ತು, ಉಳಿದದ್ದೆಲ್ಲ ಸ್ಪಷ್ಟವಾಗಿತ್ತು. ಅದನ್ನು ಬೇಡಿ ತಂದು ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ಹಚ್ಚಿದೆ.

ನಮ್ಮ ಮನೆತನದಲ್ಲಿ ಮದುವೆಯ ಆಯೇರಿಗೆ ಒಂದು ಕಟ್ಟಳೆ ಇದೆ. ಹಿರಿಯರು ಉಡುಗೊರೆಯನ್ನು ಎತ್ತಿ ತೋರಿಸಿ ಕೊಟ್ಟವರನ್ನು ಕೂಗಿ ಹೇಳಿದ ಮೇಲೆ, ಪಡೆದವನು ಅದನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ, ಕೊಟ್ಟವನು ಅದಕ್ಕೆ ತಿರುಗಿ ಕೈ ಹಚ್ಚುವಂತಿಲ್ಲ. ಹುಡುಗಿಯ ತಂದೆಗೂ ಆಯೇರಿ ಮಾಡುತ್ತಾರೆ. ಪತ್ತಿಕೊಂಡದ ಕಡೆಯ ವರನಿಗೆ ಮಾವನ ಮಗಳು ಗೊತ್ತಾದ ಸುದ್ದಿ ಬಂದ ದಿನವೇ ನಾನು ಹಡಗಿನ ಕೆಲಸಕ್ಕೆ ಕೂತೆ. ಮಾವ ಸಾಯುವವರೆಗೂ ಅವನ ಪಡಸಾಲೆಯಲ್ಲಿ ನನ್ನ ಕೈಕೆಲಸ ನಿಂತಿರಬೇಕೆಂಬುದು ನನ್ನ ಲೆಕ್ಕ.

ಹಳೆಯ ಬಾಗಿಲ ಚೌಕಟ್ಟಿನ ತೇಗವನ್ನು ತೆಳ್ಳಗೆ ಸೀಳಿ, ಕುದಿನೀರಲ್ಲಿ ನೆನೆಸಿ, ಹಡಗಿನ ಪಕ್ಕೆಲುಬುಗಳ ಮೇಲೆ ಒಂದೊಂದೇ ಪಟ್ಟಿಯಾಗಿ ಬಗ್ಗಿಸಿದೆ. ಬಗ್ಗಿಸುವಾಗ ಸಿಡಿದು ಸೀಳಿದ ಪಟ್ಟಿಗಳನ್ನು ಒಲೆಗೆ ಹಾಕಿ ಮಾವನನ್ನು ಬಯ್ಯುತ್ತ ಮತ್ತೆ ಸೀಳುತ್ತಿದ್ದೆ. ಫಿರಂಗಿ ತೋಪುಗಳನ್ನು ಜಾಲಿ ಮರದಲ್ಲಿ ಕಡೆದು ಎಣ್ಣೆಮಸಿ ಬಳಿದೆ; ಪ್ರತಿ ತೋಪಿನ ಕಿಂಡಿಗೂ ತೆರೆದು ಮುಚ್ಚುವ ಬಾಗಿಲು ಮಾಡಿದೆ. ನಮ್ಮೂರಿನ ಅರಳೆಯ ನೂಲನ್ನೇ ಹುರಿಮಾಡಿ, ಜೇನುಮೇಣ ತಿಕ್ಕಿ ಹಗ್ಗಗಳನ್ನು ಬಿಗಿದೆ. ಹಾಯಿಗಳಿಗೆ ಗಂಜಿ ಹಾಕಿ ಗಾಳಿ ತುಂಬಿದಂತೆ ಮುಂದಕ್ಕೆ ಉಬ್ಬಿಸಿದೆ. ಚಿತ್ರದಲ್ಲಿ ಗೆದ್ದಲು ತಿಂದಿದ್ದ ಬಾವುಟಗಳನ್ನು ಮಾತ್ರ ನನ್ನ ಅಂದಾಜಿನಲ್ಲಿ ಮಾಡಿದೆ. ಕಾರಹುಣ್ಣಿಮೆಯ ಬಂಡಿಗಳಿಗೆ ನಾನು ಕಟ್ಟದ ಬಾವುಟವೇ? ಓಡುವ ಬಂಡಿಯ ಮೇಲೆ ಹಾರುವಂತೆಯೇ ಹಿಂದಕ್ಕೆ ಹಾರಿಸಿದೆ.

ಕೆಲಸ ಅರ್ಧಕ್ಕೆ ಬಂದಾಗ ಕೋಸಗಿಯ ಮುದುಕನೊಬ್ಬ ಗಾಲಿ ರಿಪೇರಿಗೆ ಬಂದ. ವರ್ಷವರ್ಷವೂ ಮುಂಬೈಗೆ ಕೂಲಿಗೆ ಹೋಗಿ ಬರುತ್ತಿದ್ದವನು. ಹಡಗು ಯಾರಿಗೆಂದು ಕೇಳಿದ, ನಾನು ಮಾವನ ಹೆಸರು ಹೇಳಿದ್ದೇ ತಡ ನಕ್ಕುಬಿಟ್ಟ. "ಅವನಾ? ಲೋಪಲಿಕಿ ಪೋನೇ ಲೇದು. ಗೋದಿ ಗೇಟಿನ ಒಳಗ ಕಾಲ ಇಟ್ಟಿಲ್ಲ ಅವ. ಹೊರಗ ಶೆಡ್ಡಿನ್ಯಾಗ ಸಾಮಾನಿನ ಪೆಟ್ಟಿಗಿ ಬಡೀತಿದ್ದ. ಹಲಗಿ ಹೊತ್ತು ಕೊಡ್ತಿದ್ದವ ನಾನ."

ಹಬ್ಬದೂಟ ಉಂಡಷ್ಟು ಸಂತೋಷವಾಯಿತು ನನಗೆ. ಹಡಗು ಕೂರುವ ಹಲಗೆಯನ್ನು ಅಗಲ ಮಾಡಿ ಒಂದು ಗೋಡೆ ಎಬ್ಬಿಸಿದೆ, ಗೋಡೆಗೊಂದು ಗೇಟು ಇಟ್ಟೆ. ಗೇಟಿನ ಹೊರಗೆ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಗೆ ಮೊಳೆ ಹೊಡೆಯುವ ಹೆಬ್ಬೆರಳುದ್ದದ ಮನುಷ್ಯನನ್ನು ಕೆತ್ತಿದೆ. ಕೆಂಪು ರುಮಾಲು ಸುತ್ತಿದೆ. ಮೀಸೆಗೆ ನನ್ನ ತಲೆಯ ಕೂದಲನ್ನೇ ಅಂಟಿಸಿದೆ. ಇಡೀ ಹಡಗಿಗಿಂತ ಆ ಮೀಸೆಯ ಮೇಲೆ ನನಗೆ ಪ್ರೀತಿ ಹೆಚ್ಚಾಗಿತ್ತು.

ಮದುವೆಗೆ ಕೋಸಗಿಯ ಮುದುಕನನ್ನು ನಾನೇ ಬಂಡಿಯಲ್ಲಿ ಕರೆದುಕೊಂಡು ಹೋದೆ. "ಹುಡುಗಿ ಸೋದರತ್ತಿ ಮನಿಯಿಂದ, ಬೀಗರ ಮುಂದ, ಹುಡುಗಿ ತಂದಿಗೆ ಒಂದು ಹಡಗು" ಎಂದು ಹಿರಿಯರು ಕೂಗಿದರು. ಹಂದರದಲ್ಲಿದ್ದವರೆಲ್ಲ ಎದ್ದು ಬಂದು ಮುತ್ತಿದರು. ತೋಪಿನ ಕಿಂಡಿಗಳನ್ನು ತೆರೆದು ಮುಚ್ಚಿ ನೋಡಿದರು. ಮುದುಕ ಬಗ್ಗಿ ಗೇಟಿನ ಹೊರಗೆ ಬೆರಳು ಮಾಡಿ, "ಇವ ನಮ್ಮ ಪೆಟ್ಟಿಗಿ ಮೇಸ್ತ್ರಿ ಅಲ್ಲೇನು?" ಎಂದ. ಆಮೇಲೆ ಶೆಡ್ಡಿನ ಕತೆಯನ್ನೆಲ್ಲ ಹೇಳಿದ. ಮೊದಲು ಒಬ್ಬ ನಕ್ಕ, ಆಮೇಲೆ ಬೀಗರೂ ನಕ್ಕರು. ನನ್ನ ತಾಯಿ ಮಾತ್ರ ನಗದೆ ತಮ್ಮನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳು ತಲೆ ಎತ್ತಿ ನಿಂತದ್ದೇ ನನಗೆ ಸಾಕಾಗಿತ್ತು.

ಮಾವ ಆ ಪುಟ್ಟ ಮನುಷ್ಯನನ್ನು ಬಗ್ಗಿ ನೋಡಿದ. ಆಮೇಲೆ ಕಣ್ಣನ್ನು ಹಾಯಿಕಂಬಗಳ ತುದಿಗೆ ಒಯ್ದ. "ಹಾಯಿ ಮುಂದಕ್ಕ ಉಬ್ಬ್ಯಾವ, ಬಾವುಟ ಹಿಂದಕ್ಕ ಹಾರ್ಯಾವ. ಒಂದು ಹಡಗಿಗೆ ಎರಡು ಗಾಳಿ ಏನೋ, ಅಳಿಯ? ಹಾಯಿ ತುಂಬೋ ಗಾಳಿನ ಬಾವುಟನೂ ಹಾರಿಸ್ತೈತಿ. ಗೇಟಿನ ಹೊರಗ ಕುಂತೋನಿಗೂ ಅಷ್ಟು ಕಾಣ್ತಿತ್ತು" ಎಂದ.

ನಗು ನನ್ನ ಕಡೆ ತಿರುಗಿತು. ಬಾವುಟವನ್ನು ತಿರುಗಿಸಲು ಕೈ ಚಾಚಿದೆ. ಮಾವ ನನ್ನ ಮುಂಗೈ ಹಿಡಿದ. "ಆಯೇರಿ ಕೊಟ್ಟೋನು ತಿರುಗಿ ಕೈ ಹಚ್ಚಬಾರದು" ಎಂದ.

ಆಮೇಲೆ ಅವನು ಮುಂಬೈಯ ಸುಳ್ಳು ಹೇಳುವುದನ್ನೇ ಬಿಟ್ಟ. ಅದಾದರೂ ನನ್ನ ಗೆಲುವು ಎಂದುಕೊಳ್ಳೋಣವೆಂದರೆ ಅದಕ್ಕೂ ಅವನು ಆಸ್ಪದ ಕೊಡಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಆ ಬಾವುಟ ನನ್ನ ಕಣ್ಣು ಚುಚ್ಚುತ್ತಿತ್ತು. ಒಂದು ಕ್ಷಣ ಸಿಕ್ಕರೆ ಕಿತ್ತು ತಿರುಗಿಸುತ್ತಿದ್ದೆ, ಆದರೆ ಅವನು ಪಡಸಾಲೆ ಬಿಟ್ಟು ಏಳುತ್ತಲೇ ಇರಲಿಲ್ಲ. ಬಂದವರನ್ನೆಲ್ಲ ಹಡಗಿನ ಹತ್ತಿರ ಕರೆದು, ಗೇಟಿನ ಹೊರಗಿನ ಮನುಷ್ಯನನ್ನು ತೋರಿಸಿ "ಇವ ನಾನು" ಎನ್ನುತ್ತಿದ್ದ. ಆಮೇಲೆ ಬಾವುಟದ ಕಡೆ ಬೆರಳೆತ್ತಿ, "ಇದು ನಮ್ಮ ಅಳಿಯ" ಎನ್ನುತ್ತಿದ್ದ.