ಜೇಬಿಗೆ ಸೇರಿದ ಹಿತ್ತಾಳೆ ಕೋಲು

ಕೋಟು ಹಳೆಯದು, ಬೂಟಿನ ಪಾಲಿಶ್ ಮಾತ್ರ ಇವತ್ತಿನದು. ಇಂಥ ಗಿರಾಕಿ ಚೌಕಾಸಿ ಮಾಡುವುದಿಲ್ಲ, ಬೇಗ ಹೊರಡುವುದೂ ಇಲ್ಲ. ಕಾರ್ಮಾರ್ದೆನ್ ಪೇಟೆಯಲ್ಲಿ ಪುಟಾಣಿ ರೈಲು, ಹಳಿ ಮಾರುವ ನನ್ನ ಅಂಗಡಿಗೆ ಇಡ್ವಲ್ ಪ್ರೊಬರ್ಟ್ ಮೊದಲ ಸಲ ಬಂದಾಗ ನಾನು ಕಟ್ಟಿದ ಅಂದಾಜು ಇದು. ಹನ್ನೊಂದು ವರ್ಷ ಪ್ರತಿ ಶನಿವಾರ ಬಂದು ಅದನ್ನು ನಿಜ ಮಾಡಿದ. ಒಂದು ವಾರ ಅರ್ಧ ಗಜ ಹಳಿ, ಇನ್ನೊಂದು ವಾರ ಹಳಿಯ ಪಕ್ಕ ಹುಲ್ಲಿನಂತೆ ಕಾಣಲು ಉದುರಿಸುವ ಹಸಿರು ಪುಡಿ ಒಂದು ಪೊಟ್ಟಣ. ಎಲ್ಲ ಒಮ್ಮೆಗೇ ಒಯ್ದರೆ ಶನಿವಾರಗಳಿಗೆ ಏನು ಮಾಡುವುದು?

ಡೇರಿಯಲ್ಲಿ ಹಾಲಿನ ಕ್ಯಾನು ತೂಗಿ ನಿವೃತ್ತನಾದವನು. ಹೆಂಡತಿ ನೆಸ್ಟಾ ತೀರಿಕೊಂಡ ಮೇಲೆ ಹಿತ್ತಲ ಶೆಡ್ಡಿನಲ್ಲಿ ಬಾಲ್ಯದ ರೈಲು ಲೈನಿನ ಪುಟ್ಟ ಮಾದರಿ ಕಟ್ಟತೊಡಗಿದ: ಅವನೂರು ಲಾನ್‌ವೆನ್‌ನಿಂದ ನನ್ನೂರು ಫಿನ್ನನ್‌ವರೆಗೆ, ಒಂಟಿ ಹಳಿ. ನಾವು ಹುಡುಗರಾಗಿದ್ದಾಗಲೇ ಅಸಲಿ ಲೈನನ್ನು ಕಿತ್ತು ಗುಜರಿಗೆ ಹಾಕಿದ್ದರು. ಕಣ್ಣಾರೆ ಕಂಡವರಲ್ಲಿ ಉಳಿದವರು ನಾವಿಬ್ಬರೇ.

"ಬಂದು ನೋಡೋ. ನಾಲ್ಕು ಹತ್ತರ ಗಾಡಿ ನಿಮ್ಮೂರಿಗೆ ಸರಿಯಾಗಿ ಬರುತ್ತಾ ಅಂತ ಹೇಳೋಕೆ ಇನ್ಯಾರಿದಾರೆ?" ಎನ್ನುತ್ತಿದ್ದ.

"ಅಂಗಡಿ ಯಾರು ನೋಡ್ಕೋತಾರೆ, ನಿಮ್ಮಪ್ಪನಾ?"

ಅಂಗಡಿಗೆ ರಜೆ ಇರುವುದು ಭಾನುವಾರ ಮಾತ್ರ. ಕಡೆಗೆ ಒಂದು ಭಾನುವಾರ ಹೋದೆ. ಒಣದ್ರಾಕ್ಷಿ ಬ್ರೆಡ್ಡು ಆರು ಜನಕ್ಕಾಗುವಷ್ಟು ಕೊಯ್ದಿಟ್ಟಿದ್ದ. ಶೆಡ್ಡಿನಲ್ಲಿ ಫಿನ್ನನ್ ಸ್ಟೇಷನ್ನಿನ ನೀರಿನ ತೊಟ್ಟಿ ಸೋರಿದ ಕಲೆ ಕೂಡ ಇದ್ದಲ್ಲೇ ಇತ್ತು.

"ಬಿಡೋ ಗಾಡಿ," ಎಂದೆ.

"ಇವತ್ತು ಭಾನುವಾರ. ನಮ್ಮ ಲೈನಲ್ಲಿ ಭಾನುವಾರ ಯಾವತ್ತು ಗಾಡಿ ಓಡಿತ್ತು? ಎಲ್ಲರೂ ಚಾಪೆಲ್ಲಲ್ಲಿ ಪ್ರಾರ್ಥನೆಗೆ ಕೂತಿರ್ತಾರೆ."

"ನೀನು ಚಾಪೆಲ್ಲಿಗೆ ಹೋಗಿ ಮೂವತ್ತು ವರ್ಷ ಆಯ್ತಲ್ಲೋ!"

"ನಾನು ಹೋಗಲ್ಲ. ಡ್ರೈವರ್ ಹೋಗ್ತಾನೆ."

ಗಾಡಿಯ ಬದಲು ಬೆರಳುದ್ದದ ಹಿತ್ತಾಳೆ ಕೋಲೊಂದನ್ನು ಕೈಗೆ ಕೊಟ್ಟ. ಒಂಟಿ ಹಳಿಗೆ ಒಂದೇ ಕೋಲು. ಅದು ಕೈಯಲ್ಲಿರುವ ಡ್ರೈವರ್ ಮಾತ್ರ ಗಾಡಿ ಬಿಡಬಹುದು. ಎದುರಿಂದ ಇನ್ನೊಂದು ಬಂದು ಗುದ್ದದಿರಲಿ ಎಂದು ಈ ಏರ್ಪಾಡು. ಮಾತಾಡುತ್ತ ಅದನ್ನು ತಿರುಗಿಸುತ್ತಿದ್ದೆ. ಮನೆಗೆ ಬಂದು ಕೋಟು ಬಿಚ್ಚಿದರೆ ಜೇಬಿನಲ್ಲಿದೆ! ಹಿಂದೆ ಡ್ರೈವರುಗಳು ಊಟದ ಡಬ್ಬಿಯ ಜೊತೆ ಕೋಲನ್ನೂ ಮನೆಗೊಯ್ದು ಇಡೀ ಲೈನು ನಿಲ್ಲಿಸಿದ್ದುಂಟು. ಸ್ಟೇಷನ್ ಮಾಸ್ತರನ ಮಗನಾದ ನಾನೂ ಅದನ್ನೇ ಮಾಡಿದೆ.

ಶನಿವಾರ ಅವನು ಬಂದಾಗ ಕೋಲನ್ನು ಗಲ್ಲಾದ ಮೇಲಿಟ್ಟೆ. "ತಗೋ ಮಾರಾಯ, ನಿನ್ನ ಆಸ್ತಿ."

ಮುಟ್ಟಲಿಲ್ಲ. "ಒಯ್ದವನೇ ಲೈನಿಗೆ ತಂದು ಒಪ್ಪಿಸಬೇಕು. ಅದು ರೂಲು."

"ಹಾಗಾದ್ರೆ ಇನ್ನೊಂದು ಮಾಡ್ಕೋ."

"ಒಂದು ಹಳಿಗೆ ಎರಡು ಕೋಲಾ? ನಿಮ್ಮಪ್ಪ ಕೇಳಿದ್ರೆ ಕಪಾಳಕ್ಕೆ ಬಾರಿಸ್ತಿದ್ರು."

"ಮತ್ತೆ ಗಾಡಿ?"

"ನಿಂತಿದೆ. ನೀನು ಬರೋವರೆಗೂ ನಿಂತಿರುತ್ತೆ. ಭಾನುವಾರ ಮಾತ್ರ ಬರಬೇಡ."

ಅವತ್ತು ಅವನು ಏನೂ ಕೊಳ್ಳಲಿಲ್ಲ, ಮುಂದಿನ ಶನಿವಾರವೂ ಇಲ್ಲ. ನಿಂತ ಲೈನಿಗೆ ಏನು ತಾನೆ ಬೇಕು? ಕಳೆದ ವಾರ ಬಂದು ಬಾಗಿಲ ಬಳಿಯೇ ನಿಂತು ಹೋದ. ಬೂಟಿಗೆ ಪಾಲಿಶ್ ಇರಲಿಲ್ಲ.

ಇಡ್ವಲ್ ಪ್ರೊಬರ್ಟನಿಗೆ ನಾನು ಒಂದು ಹಿತ್ತಾಳೆ ಕೋಲನ್ನೂ, ಭಾನುವಾರವಲ್ಲದ ಒಂದು ದಿನದ ನಾಲ್ಕು ಗಂಟೆ ಹತ್ತು ನಿಮಿಷವನ್ನೂ ಕೊಡಬೇಕಾಗಿದೆ.